ಸಂತ್ರಸ್ತೆ ಕ್ಷಮಿಸಿದರೆ ಪ್ರಕರಣ ಮುಗಿಯಿತೇ?

ಪ್ರಶ್ನೆ: ಲೈಂಗಿಕ ದೌರ್ಜನ್ಯ ಎಸಗಿದ ಕಲಾವಿದರು, ರಾಜಕಾರಣಿಗಳು ಮುಂತಾದ ಗಣ್ಯರನ್ನು ಎಂದಾದರೂ ಕ್ಷಮಿಸಬಹುದೇ? ಸಂತ್ರಸ್ತೆಯೇ ಕ್ಷಮಿಸಿದ ಮೇಲೂ ಅವರನ್ನು ಕಾಡುವುದು ನ್ಯಾಯವೇ?

ಉತ್ತರ: ಹೊಸ ಹೆಸರೊಂದು ಸುದ್ದಿಯಾದಾಗಲೆಲ್ಲ ಈ ಪ್ರಶ್ನೆ ಮರಳಿ ಬರುತ್ತದೆ. ಅದರ ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಕ್ಷಮಿಸಬಹುದು, ಆದರೆ ಆ ಅಧಿಕಾರ ನೊಂದವರದೇ ಹೊರತು ಅಭಿಮಾನಿಗಳದ್ದಲ್ಲ, ಪಕ್ಷದ್ದಲ್ಲ, ಚಿತ್ರರಂಗದ್ದೂ ಅಲ್ಲ. ನೆರೆಮನೆಯವರು ಕೊಟ್ಟ ಸಾಲವನ್ನು ಮನ್ನಾ ಮಾಡಲು ನಮಗೆ ಬರುವುದಿಲ್ಲವಷ್ಟೇ. ಆದರೆ ಎರಡನೆಯ ಭಾಗದಲ್ಲಿ ಅಡಗಿರುವ ನಂಬಿಕೆ, ಅಂದರೆ ಆಕೆ ಕ್ಷಮಿಸಿದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂಬುದು, ಎಷ್ಟು ಸಲ ತಿದ್ದಿದರೂ ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ಈ ಸಲ ಅದನ್ನೇ ವಿವರವಾಗಿ ನೋಡೋಣ.

ಹೀಗೆ ವಾದಿಸುವವರು ಹೆಚ್ಚಾಗಿ ಮುಂದಿಡುವ ಉದಾಹರಣೆ ಚಲನಚಿತ್ರ ನಿರ್ದೇಶಕ ರೋಮನ್ ಪೊಲಾನ್ಸ್ಕಿಯವರದು. 1977ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹದಿಮೂರು ವರ್ಷದ ಸಮಂತಾ ಗೈಮರ್ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ, ಆಗ ನಲವತ್ತಮೂರು ವರ್ಷದವರಾಗಿದ್ದ ಅವರು ಅಪ್ರಾಪ್ತ ಬಾಲಕಿಯೊಂದಿಗೆ ಲೈಂಗಿಕ ಸಂಪರ್ಕ ನಡೆಸಿದ ಅಪರಾಧವನ್ನು ಒಪ್ಪಿಕೊಂಡರು ಮತ್ತು ಅಂತಿಮ ಶಿಕ್ಷೆ ಪ್ರಕಟವಾಗುವ ಮುನ್ನವೇ, 1978ರಲ್ಲಿ, ದೇಶ ಬಿಟ್ಟು ಓಡಿಹೋದರು. ಗೈಮರ್ ಪೊಲಾನ್ಸ್ಕಿಯನ್ನು ಬಹಿರಂಗವಾಗಿಯೇ ಕ್ಷಮಿಸಿದ್ದಾರೆ. 2017ರಲ್ಲಿ ಅವರು ಸ್ವತಃ ನ್ಯಾಯಾಲಯಕ್ಕೆ ಬಂದು ಪ್ರಕರಣವನ್ನು ಕೈಬಿಡುವಂತೆ ಕೋರಿದರು. ಅವರ ಕೋರಿಕೆಯನ್ನು ಗಮನವಿಟ್ಟು ಓದಬೇಕು, ಏಕೆಂದರೆ ಅವರು ದಯೆ ಬೇಡಿದ್ದು ಪೊಲಾನ್ಸ್ಕಿಗಾಗಿ ಅಲ್ಲ, ನಾಲ್ಕು ದಶಕಗಳಿಂದ ಈ ಪ್ರಕರಣದ ನೆರಳಿನಲ್ಲಿ ಬದುಕಿದ ತಮಗಾಗಿ, ತಮ್ಮ ಕುಟುಂಬಕ್ಕಾಗಿ. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಸಂತ್ರಸ್ತೆಗೆ ಒಳಿತೆಂಬ ಒಂದೇ ಕಾರಣಕ್ಕೆ ಪ್ರಕರಣವನ್ನು ವಜಾ ಮಾಡಲಾಗದು, ಆರೋಪಿ ನ್ಯಾಯಾಲಯದ ಆದೇಶಕ್ಕೆ ತಲೆಬಾಗದೆ ತಲೆಮರೆಸಿಕೊಂಡೇ ಇದ್ದಾರೆ ಎಂಬುದು ಅವರ ನಿಲುವು. ಕ್ಷಮೆ ಮನಸ್ಸನ್ನು ಹಗುರಗೊಳಿಸಬಹುದು, ಆದರೆ ನ್ಯಾಯಾಲಯಕ್ಕೆ ಸಲ್ಲಬೇಕಾದ ಬಾಕಿಯನ್ನು ಅದು ತೀರಿಸುವುದಿಲ್ಲ. ಇನ್ನು 2003ರಲ್ಲಿ ಇದೇ ವ್ಯಕ್ತಿಗೆ ಆಸ್ಕರ್ ಘೋಷಣೆಯಾದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ ಸಭಿಕರು ಕೊಟ್ಟದ್ದು ಕ್ಷಮೆಯಲ್ಲ, ಮನ್ನಣೆ ಮಾತ್ರ. 2018ರಲ್ಲಿ ಆಸ್ಕರ್ ಕೊಡುವ ಅದೇ ಅಕಾಡೆಮಿ ಅವರನ್ನು ಸದಸ್ಯತ್ವದಿಂದ ಹೊರಹಾಕಿತು.

ನಮ್ಮ ಕಾನೂನು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅತ್ಯಾಚಾರ ಇಲ್ಲವೇ ಇಲ್ಲ. ಅತ್ಯಾಚಾರದ ಅಥವಾ ಅದರ ಯತ್ನದ ಪ್ರಕರಣದಲ್ಲಿ ಯಾವ ಸಂದರ್ಭದಲ್ಲೂ ರಾಜಿಯ ಮಾತೇ ಬರಕೂಡದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ರಾಜಸ್ಥಾನದ ಶಿಕ್ಷಕನೊಬ್ಬನ ವಿರುದ್ಧದ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣವನ್ನು ಬಾಲಕಿಯ ತಂದೆ ಮಾಡಿಕೊಂಡ ರಾಜಿಯ ಆಧಾರದಲ್ಲಿ ಹೈಕೋರ್ಟ್ ರದ್ದುಪಡಿಸಿದಾಗ, ಸುಪ್ರೀಂ ಕೋರ್ಟ್ 2024ರಲ್ಲಿ ಆ ಆದೇಶವನ್ನೇ ತಳ್ಳಿಹಾಕಿತು. ಕಾರಣ ಸರಳ. ಆರೋಪಿ ಹೆಸರುವಾಸಿಯೋ ಹಣವಂತನೋ ಆಗಿದ್ದರೆ ಸಂತ್ರಸ್ತೆಯ ಬಾಯಿಂದ ‘ಕ್ಷಮಿಸಿದ್ದೇನೆ’ ಎಂದು ಹೇಳಿಸುವುದು ಅವನಿಗೆ ಕಷ್ಟವಲ್ಲ. ಆ ಒಂದು ಮಾತಿನಿಂದ ಪ್ರಕರಣ ಮುಗಿಯುವಂತಿದ್ದರೆ ಆಕೆಯ ಮೇಲಿನ ಒತ್ತಡಕ್ಕೆ ಕೊನೆಯೇ ಇರುತ್ತಿರಲಿಲ್ಲ. ಉದ್ಯೋಗ ಸ್ಥಳದ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಸಂಧಾನಕ್ಕೆ ಅವಕಾಶವೇನೋ ಇದೆ. ಆದರೆ ದೂರುದಾರ ಮಹಿಳೆಯೇ ಕೋರಿದರೆ ಮಾತ್ರ, ಅದೂ ಹಣವನ್ನು ಆಧಾರವಾಗಿಟ್ಟುಕೊಳ್ಳದೆ.

ಇಷ್ಟಾದರೂ ರಾಜಿಯ ಹಂಬಲ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ನೀಡಿದ ಜಾಮೀನು ಆದೇಶವೊಂದೇ ಸಾಕು. ನೆರೆಮನೆಗೆ ನುಗ್ಗಿ ಮಹಿಳೆಯ ಮೇಲೆ ಕೈಮಾಡಿದ ಆರೋಪ ಹೊತ್ತವನು ರಕ್ಷಾಬಂಧನದ ದಿನ ಸಿಹಿ ಡಬ್ಬಿಯೊಡನೆ ಆಕೆಯ ಮನೆಗೆ ಹೋಗಿ, ರಾಖಿ ಕಟ್ಟಿಸಿಕೊಂಡು, ಅಣ್ಣ ತಂಗಿಗೆ ಕೊಡುವಂತೆ 11,000 ರೂಪಾಯಿ ಕೊಡಬೇಕೆಂದು ಅದು ಷರತ್ತು ವಿಧಿಸಿತ್ತು. ಯಾರಿಗೆ ಹೆದರಿ ಆಕೆ ಪೊಲೀಸರ ಬಳಿ ಹೋದಳೋ ಅವನೇ ಹಬ್ಬದ ದಿನ ಹೊಸ್ತಿಲಲ್ಲಿ ನಿಂತರೆ ಆಕೆಗೆ ಏನಾಗಬಹುದೆಂದು ಆದೇಶ ಬರೆದವರು ಯೋಚಿಸಬೇಕಿತ್ತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ರದ್ದುಪಡಿಸಿ, ಆರೋಪಿ ಮತ್ತು ದೂರುದಾರೆ ಪರಸ್ಪರ ಭೇಟಿಯಾಗುವಂಥ ಯಾವ ಷರತ್ತನ್ನೂ ಜಾಮೀನಿಗೆ ವಿಧಿಸಬಾರದೆಂದು ಕೆಳಗಿನ ನ್ಯಾಯಾಲಯಗಳಿಗೆ ಸೂಚಿಸಿತು. ಹೆಣ್ಣೆಂದರೆ ಕ್ಷಮಯಾಧರಿತ್ರಿ ಎಂದು ಹೊಗಳುತ್ತಲೇ ಕ್ಷಮೆಯನ್ನು ಆಕೆಯ ಕರ್ತವ್ಯವಾಗಿಸುವ ಈ ಅಭ್ಯಾಸ ನನ್ನನ್ನು ನಿಜಕ್ಕೂ ಕೆರಳಿಸುತ್ತದೆ. ಕ್ಷಮಿಸದಿರುವುದಕ್ಕೂ ಆಕೆಗೆ ಅಷ್ಟೇ ಹಕ್ಕಿದೆ, ಅದಕ್ಕಾಗಿ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಹಾಗಾದರೆ ತಪ್ಪಿತಸ್ಥನು ಕ್ಷಮೆ ಕೇಳಬೇಕಾದದ್ದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ‘ನನ್ನ ವರ್ತನೆಯಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಸಿದ್ಧ ಹೇಳಿಕೆಯಲ್ಲಿ ಮಾಡಿದ್ದೇನೆಂಬುದೂ ಇರುವುದಿಲ್ಲ, ಯಾರಿಗೆಂಬುದೂ ಇರುವುದಿಲ್ಲ. ಅಮೆರಿಕದ ಟಿವಿ ಧಾರಾವಾಹಿ ನಿರ್ಮಾಪಕ ಡ್ಯಾನ್ ಹಾರ್ಮನ್ 2018ರ ಜನವರಿಯಲ್ಲಿ ತಮ್ಮ ಪಾಡ್‌ಕಾಸ್ಟ್‌ನಲ್ಲಿ ಮಾತನಾಡಿದ ರೀತಿ ಬೇರೆಯಾಗಿತ್ತು. ತಮ್ಮ ಕೈಕೆಳಗಿನ ಬರಹಗಾರ್ತಿ ಮೇಗನ್ ಗ್ಯಾಂಜ್ ಅವರ ಬೆನ್ನು ಬಿದ್ದದ್ದು, ಆಕೆ ಒಲ್ಲೆನೆಂದ ಮೇಲೆ ಕೆಲಸದಲ್ಲಿ ಆಕೆಯನ್ನು ಕ್ರೂರವಾಗಿ ನಡೆಸಿಕೊಂಡದ್ದು, ಆಕೆ ಪುರುಷನಾಗಿದ್ದರೆ ತಾವು ಹಾಗೆ ನಡೆಸಿಕೊಳ್ಳುತ್ತಿರಲಿಲ್ಲ ಎಂಬುದು, ಎಲ್ಲವನ್ನೂ ಅವರು ಒಂದೊಂದಾಗಿ ಹೇಳಿಕೊಂಡರು. ಗ್ಯಾಂಜ್ ಬಹಿರಂಗವಾಗಿಯೇ ಅವರನ್ನು ಕ್ಷಮಿಸಿದರು. ತಮಗೆ ನೆಮ್ಮದಿ ತಂದದ್ದು ಇದೆಲ್ಲ ನಿಜವಾಗಿಯೂ ನಡೆಯಿತೆಂದು ಅವರ ಬಾಯಿಂದಲೇ ಕೇಳಿದ್ದು, ತಾವು ಕಲ್ಪಿಸಿಕೊಂಡದ್ದಲ್ಲವೆಂದು ಖಚಿತವಾದದ್ದು ಎಂದು ಅವರು ಆಗ ಬರೆದರು.