ರಿವಿಷನ್ ಸಂಖ್ಯೆ: ಪುಟದ ತಳದ ಸಣ್ಣ ಅಂಕಿಗೆ ಏನು ಕೆಲಸ?

ವೆಬ್ ತಂತ್ರಾಂಶಗಳ ಪುಟದ ತಳದಲ್ಲಿ ‘ರಿವಿಷನ್ 1846’ ಎಂಬಂಥ ಬೂದು ಬಣ್ಣದ ಸಣ್ಣ ಬರಹ ಇರುವುದುಂಟು. ತಂತ್ರಾಂಶದ ಕೋಡ್‌ನಲ್ಲಿ ಆದ ಪ್ರತಿಯೊಂದು ಬದಲಾವಣೆಗೂ ಅದನ್ನು ದಾಖಲಿಸುವ ವ್ಯವಸ್ಥೆ ತಾನಾಗಿಯೇ ಕೊಡುವ ಗುರುತು ಅದು. ಒಂದು ಸಾಲು ತಿದ್ದಿ ಒಪ್ಪಿಸಿದರೂ ಒಂದು ಸಂಖ್ಯೆ, ಐವತ್ತು ಕಡತಗಳನ್ನು ಒಟ್ಟಿಗೆ ಒಪ್ಪಿಸಿದರೂ ಒಂದೇ ಸಂಖ್ಯೆ. ‘ಆವೃತ್ತಿ 2.0’ ಎನ್ನುವುದು ಬೇರೆ ಸಂಗತಿ. ಅದನ್ನು ಜನ ಕೂತು ತೀರ್ಮಾನಿಸುತ್ತಾರೆ. ಅದರಲ್ಲಿ ವ್ಯಾಪಾರದ ಲೆಕ್ಕಾಚಾರ ಇರುತ್ತದೆ, ಕೆಲವೊಮ್ಮೆ ತಮಾಷೆಯೂ ಇರುತ್ತದೆ. ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಅಕ್ಷರಜೋಡಣೆಯ ತಂತ್ರಾಂಶ ‘ಟೆಕ್’ನ ಆವೃತ್ತಿಗೆ ಪೈ ಬೆಲೆಯ ಅಂಕಿಗಳನ್ನು ಒಂದೊಂದಾಗಿ ಸೇರಿಸುತ್ತ ಬಂದಿದ್ದಾರೆ, 2021ರಲ್ಲಿ ಅದು 3.141592653 ಆಯಿತು. ರಿವಿಷನ್ ಸಂಖ್ಯೆಗೆ ಅಂಥ ರಸಿಕತೆ ಏನೂ ಇಲ್ಲ.

ಅದರ ಉಪಯೋಗ ತಿಳಿಯುವುದು ಫೋನಿನಲ್ಲಿ. ಶಿರಸಿ ಸೀಮೆಯ ಒಂದು ಅಡಿಕೆ ಸಹಕಾರಿ ಸಂಘ ಎಂದಿಟ್ಟುಕೊಳ್ಳಿ. ಟೆಂಡರ್ ಮುಗಿದು ಲಾಟುಗಳ ದರ ನಮೂದಾಗುತ್ತಿದೆ. ಚಾಲಿಯ (ಒಣಗಿಸಿ ಸುಲಿದ ಬಿಳಿ ಅಡಿಕೆಯ) ತೂಕದಲ್ಲಿ ಚೀಲದ ತೂಕ ಕಳೆಯುತ್ತಿಲ್ಲ ಎಂದು ಕಚೇರಿಯ ಹಿರಿಯರು ತಂತ್ರಾಂಶ ಬರೆದ ಹುಡುಗನಿಗೆ ಫೋನು ಮಾಡುತ್ತಾರೆ.

“ಹೆಗಡೆಯವರೇ, ಅದನ್ನು ನಿನ್ನೆಯೇ ಸರಿ ಮಾಡಿದ್ದೇವಲ್ಲ?”

“ನಮ್ಮಲ್ಲಿ ಆಗಿಲ್ಲ ತಮ್ಮಾ.”

“ಪುಟದ ಕೆಳಗೆ ಬಲಮೂಲೆಯಲ್ಲಿ ಎಷ್ಟು ತೋರಿಸುತ್ತಿದೆ, ಸ್ವಲ್ಪ ಓದಿ ಹೇಳಿ.”

“ಸಾವಿರದ ಎಂಟುನೂರಾ ನಲವತ್ತೊಂದು.”

ತಿದ್ದುಪಡಿ ಆದದ್ದು ರಿವಿಷನ್ 1844ರಲ್ಲಿ. ಹಾಗಾದರೆ ಲೆಕ್ಕದ ಸೂತ್ರವನ್ನು ಕೆದಕುವ ಅಗತ್ಯವಿಲ್ಲ. ಹೊಸ ಪುಟ ಅಲ್ಲಿಗೆ ಏಕೆ ತಲುಪಿಲ್ಲ ಎಂದು ನೋಡಿದರೆ ಸಾಕು. ಆ ಅಂಕಿ ಇಲ್ಲದಿದ್ದರೆ ಇಬ್ಬರೂ ತಂತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತ ಮಧ್ಯಾಹ್ನದ ಊಟದವರೆಗೂ ವಾದಿಸಬಹುದಿತ್ತು.

ಸಂಖ್ಯೆಯನ್ನು ಕೈಯಿಂದ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ರಾತ್ರಿ ಹನ್ನೊಂದಕ್ಕೆ ತುರ್ತಾಗಿ ತಿದ್ದುವವನು ಮೊದಲು ಮರೆಯುವುದು ಅದನ್ನೇ. ಸಂಖ್ಯೆಯೇ ಇಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಗೊತ್ತಿರುತ್ತದೆ. ತಪ್ಪು ಸಂಖ್ಯೆ ಇದ್ದರೆ ಅದನ್ನು ನಂಬಿ ಹುಡುಕಾಟವೇ ದಾರಿ ತಪ್ಪುತ್ತದೆ.

ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಹಳೆಯ ಸಿವಿಎಸ್ ವ್ಯವಸ್ಥೆಯಲ್ಲಿ ಒಂದೊಂದು ಕಡತಕ್ಕೂ 1.1, 1.2 ಎಂದು ಬೇರೆ ಬೇರೆ ಎಣಿಕೆ ಇತ್ತು. ಇಡೀ ತಂತ್ರಾಂಶ ಯಾವ ಸ್ಥಿತಿಯಲ್ಲಿದೆ ಎಂದು ಒಂದೇ ಅಂಕಿಯಲ್ಲಿ ಹೇಳಲು ಬರುತ್ತಿರಲಿಲ್ಲ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸಬ್‌ವರ್ಷನ್ ಎಂಬ ವ್ಯವಸ್ಥೆ ಇದನ್ನು ಸರಳಗೊಳಿಸಿತು: ಇಡೀ ರೆಪೊಸಿಟರಿಗೆ, ಅಂದರೆ ಕೋಡ್ ಮತ್ತು ಅದರ ಇತಿಹಾಸ ಇರುವ ಭಂಡಾರಕ್ಕೆ, ಒಂದೇ ಸಂಖ್ಯೆ, ಪ್ರತಿ ಕಮಿಟ್‌ಗೆ (ಬದಲಾವಣೆ ಒಪ್ಪಿಸಿದಾಗಲೆಲ್ಲ) ಒಂದು ಏರಿಕೆ. ಪುಟದಲ್ಲಿ ತೋರಿಸಲು ಇದಕ್ಕಿಂತ ಅನುಕೂಲದ್ದು ಬೇಕಿಲ್ಲ. ಆದರೂ ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗ ಇದೆ. ಕಡತದಲ್ಲಿ ಎರಡು ಡಾಲರ್ ಚಿಹ್ನೆಗಳ ನಡುವೆ ‘ರೆವ್’ ಎಂದು ಬರೆದು, ಆ ಕಡತಕ್ಕೆ ಕೀವರ್ಡ್ ಸೌಲಭ್ಯ ಚಾಲೂ ಮಾಡಿದರೆ ಸಬ್‌ವರ್ಷನ್ ಅಲ್ಲಿ ಸಂಖ್ಯೆಯನ್ನು ತುಂಬುತ್ತದೆ. ಆದರೆ ತುಂಬುವುದು ಆ ಕಡತ ಕೊನೆಯ ಬಾರಿ ಬದಲಾದ ಸಂಖ್ಯೆಯನ್ನು, ರೆಪೊಸಿಟರಿಯ ಈಗಿನ ಸಂಖ್ಯೆಯನ್ನಲ್ಲ. ಪುಟದ ತಳಭಾಗದ ಕಡತವನ್ನು ಯಾರು ಪದೇ ಪದೇ ತಿದ್ದುತ್ತಾರೆ? ಕೋಡ್ 1846ಕ್ಕೆ ಬಂದರೂ ಪುಟ 212 ಎಂದೇ ತೋರಿಸುತ್ತಿರುತ್ತದೆ. ನಮ್ಮ ಯಂತ್ರದಲ್ಲಿರುವ ಕೋಡ್‌ನ ಇಡೀ ಪ್ರತಿಯನ್ನು ನೋಡಿ ಹೇಳುವ ‘ಎಸ್‌ವಿಎನ್‌ವರ್ಷನ್’ ಎಂಬ ಪ್ರತ್ಯೇಕ ಆಜ್ಞೆ ಇದೆ. ಅದು ‘1839:1846ಎಂ’ ಎಂದರೆ, ಕಡತಗಳು ಬೇರೆ ಬೇರೆ ಕಾಲದವು, ಮೇಲಾಗಿ ಒಪ್ಪಿಸದ ತಿದ್ದುಪಡಿಯೂ ಇದೆ ಎಂದರ್ಥ. ಇಂಥ ಉತ್ತರ ಬಂದ ಪ್ರತಿಯನ್ನು ಸರ್ವರ್‌ಗೆ ಏರಿಸಲೇಬಾರದು.

2005ರಲ್ಲಿ ಲಿನಕ್ಸ್ ಖ್ಯಾತಿಯ ಲೀನಸ್ ಟೊರ್ವಾಲ್ಡ್ಸ್ ಇಂಥದೇ ಇನ್ನೊಂದು ವ್ಯವಸ್ಥೆ ಗಿಟ್ ಬರೆದ ಮೇಲೆ ಈ ಸರಳ ಎಣಿಕೆ ಕೈಬಿಟ್ಟುಹೋಯಿತು. ಶಿರಸಿಯಲ್ಲಿ ಒಬ್ಬಳು, ಕಾರವಾರದಲ್ಲಿ ಒಬ್ಬ, ಇಬ್ಬರೂ ನೆಟ್‌ವರ್ಕ್ ಇಲ್ಲದೆಯೇ ಕಮಿಟ್ ಮಾಡಬಹುದು. ಹಾಗಿರುವಾಗ 1847 ಯಾರದು? ಕೊಡುವ ಯಜಮಾನನೇ ಇಲ್ಲ. ಅದಕ್ಕಾಗಿ ಗಿಟ್ ಪ್ರತಿ ಕಮಿಟ್‌ಗೂ ಅದರ ಒಳಗಿನ ವಿಷಯದಿಂದಲೇ ಹ್ಯಾಶ್ ಎಂಬ, ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಬೆರೆತ ನಲವತ್ತು ಅಕ್ಷರಗಳ ಗುರುತೊಂದನ್ನು ಲೆಕ್ಕ ಹಾಕುತ್ತದೆ. ತೋರಿಸುವಾಗ ಮೊದಲ ಏಳೆಂಟು ಅಕ್ಷರ ಸಾಕು. ಕಂಪ್ಯೂಟರಿಗೆ ಇದು ಸೊಗಸು. ಫೋನಿನಲ್ಲಿ ಮಾತ್ರ ಪೇಚಾಟ. ಹ್ಯಾಶ್‌ನಲ್ಲಿ ಬರುವ ಇಂಗ್ಲಿಷ್ ಅಕ್ಷರಗಳು ಆರೇ. ಅವುಗಳಲ್ಲಿ ಬಿ, ಸಿ, ಡಿ, ಇ ನಾಲ್ಕೂ ಮಳೆಗಾಲದ ಫೋನಿನಲ್ಲಿ ಒಂದೇ ಥರ ಕೇಳುತ್ತವೆ.

ನಡುವಿನ ದಾರಿಗಳಿವೆ. ಶುರುವಿನಿಂದ ಈವರೆಗಿನ ಕಮಿಟ್‌ಗಳನ್ನು ಎಣಿಸಿ ಆ ಮೊತ್ತವನ್ನು ತೋರಿಸಬಹುದು. ಆದರೆ ಎರಡು ಬ್ರಾಂಚ್‌ಗಳಲ್ಲಿ (ಒಂದೇ ಕೋಡ್‌ನ ಎರಡು ಕವಲುಗಳಲ್ಲಿ) ಒಂದೇ ಮೊತ್ತ ಬರಬಹುದು. ಬಿಲ್ಡ್ ಮಾಡುವ, ಅಂದರೆ ಕೋಡನ್ನು ಬಳಕೆಗೆ ಸಿದ್ಧಪಡಿಸುವ, ಯಂತ್ರ ಇತಿಹಾಸವನ್ನೆಲ್ಲ ತರದೆ ಕೊನೆಯ ಕಮಿಟ್ ಒಂದನ್ನೇ ತಂದಿದ್ದರೆ ಮೊತ್ತ ಸದಾ 1 ಎಂದೇ ಬರುತ್ತದೆ. ನನಗೆ ಮೆಚ್ಚಿನದು ‘ಗಿಟ್ ಡಿಸ್ಕ್ರೈಬ್’ ಎಂಬ ಆಜ್ಞೆ ಕೊಡುವ ಉತ್ತರ: ‘2.3-14-ಜಿ4ಎ97ಬಿ02’. 2.3 ಎಂಬ ಗುರುತು ಹಾಕಿದ ಮೇಲೆ ಹದಿನಾಲ್ಕು ಕಮಿಟ್ ಆಗಿವೆ, ಈಗಿರುವುದು 4ಎ97ಬಿ02. ‘ಜಿ’ ಎಂಬುದು ಗಿಟ್‌ನ ಸಂಕೇತ ಅಷ್ಟೆ. ಫೋನಿನಲ್ಲಿ ಮೊದಲ ಎರಡು ಭಾಗ ಓದಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ.

ಸಂಖ್ಯೆಯನ್ನು ಓದಬೇಕಾದದ್ದು ಬಿಲ್ಡ್ ಮಾಡುವಾಗ. ಆಗಲೇ ಅದನ್ನು ಸಣ್ಣ ಕಡತವೊಂದಕ್ಕೆ ಬರೆದು ತಂತ್ರಾಂಶದ ಜೊತೆಗೆ ಕಳಿಸಬೇಕು. ಪುಟ ತೆರೆದಾಗಲೆಲ್ಲ ಸರ್ವರ್‌ನಲ್ಲಿ ಗಿಟ್ ಓಡಿಸುವುದು ದಂಡ. ಅದಕ್ಕೆಂದು ಗಿಟ್‌ನ ಗುಪ್ತ ಫೋಲ್ಡರನ್ನು ಹೊರಗಿನವರಿಗೆ ಕಾಣುವ ಜಾಗದಲ್ಲಿ ಬಿಡುವುದು ಅಪಾಯ. ಅದರ ಮೂಲಕ ಪೂರ್ತಿ ಕೋಡನ್ನು ಇಳಿಸಿಕೊಳ್ಳಬಹುದು.

ತೋರಿಸಬೇಕಾದ ಸಂಖ್ಯೆ ಒಂದಲ್ಲ, ಎರಡು. ಬೆಳಿಗ್ಗೆ ತೆರೆದ ಪುಟವನ್ನು ಸಂಜೆಯವರೆಗೂ ಮುಚ್ಚದ ಕಚೇರಿಗಳಲ್ಲಿ ಬ್ರೌಸರ್‌ನಲ್ಲಿ ಇರುವುದು ಬೆಳಗಿನ ಕೋಡ್, ಸರ್ವರ್‌ನಲ್ಲಿ ಇರುವುದು ಮಧ್ಯಾಹ್ನದ್ದು. ಬ್ರೌಸರ್‌ಗೆ ಬಂದ ಕೋಡ್‌ನೊಳಗೆ ಒಂದು ಸಂಖ್ಯೆ ಇರಬೇಕು, ಸರ್ವರ್ ತನ್ನ ಉತ್ತರಗಳ ಜೊತೆಗೆ ತನ್ನದನ್ನು ಕಳಿಸಬೇಕು. ಎರಡೂ ಬೇರೆಯಾದರೆ ‘ಹೊಸ ತಿದ್ದುಪಡಿ ಬಂದಿದೆ, ಪುಟವನ್ನು ಮತ್ತೆ ತೆರೆಯಿರಿ’ ಎಂದು ಸೂಚಿಸಬಹುದು. ಪುಟ ತಾನಾಗಿಯೇ ಮತ್ತೆ ತೆರೆದುಕೊಳ್ಳುವಂತೆ ಮಾಡುವ ಜಾಣತನ ಮಾತ್ರ ಬೇಡ. ಅರ್ಧ ತುಂಬಿದ ದರಪಟ್ಟಿ ಕಣ್ಣೆದುರೇ ಮಾಯವಾದರೆ ಬರುವ ಫೋನಿನ ಧಾಟಿಯೇ ಬೇರೆ.

ಕಾಗದದ ಮೇಲೂ ಸಂಖ್ಯೆ ಇರಬೇಕು ಎನ್ನುವವನು ನಾನು. ಹಮಾಲಿ ಕೂಲಿಯ ಪೈಸೆಗಳನ್ನು ಪೂರ್ಣಾಂಕ ಮಾಡುವ ರೀತಿ ನಡುವರ್ಷದಲ್ಲಿ ಬದಲಾಯಿತು ಎನ್ನಿ. ‘ರಾಶಿ’ ಬಗೆಯ ಅಡಿಕೆಯ ಎರಡು ಲಾಟುಗಳ ಕಡಿತ ಏಕೆ ಬೇರೆ ಬೇರೆ ಎಂದು ಬೆಳೆಗಾರರು ಹಳೆಯ ಮಾರಾಟದ ಪಟ್ಟಿ ಹಿಡಿದು ಬಂದರೆ, ಅದನ್ನು ಯಾವ ಕೋಡ್ ಲೆಕ್ಕ ಹಾಕಿತ್ತು ಎಂದು ಪಟ್ಟಿಯೇ ಹೇಳಬೇಕು. ಬರೀ ಹ್ಯಾಶ್ ಅಚ್ಚಾಗಿದ್ದರೆ ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತಿಳಿಯಲು ರೆಪೊಸಿಟರಿಯನ್ನೇ ತೆರೆಯಬೇಕಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಎಣಿಕೆ, ಹ್ಯಾಶ್ ಎರಡೂ ಇರಲಿ, ತಾರೀಖಿನ ಪಕ್ಕದಲ್ಲೇ.