ಕಾಸರಗೋಡಿನ ಆಟ, ಸಿನಿಮಾ, ಚಾನೆಲ್: ಲಗಾಮು ಯಾರ ಕೈಯಲ್ಲಿ?

ಕುಂಬಳೆ ಕಡೆ ಒಂದು ಯಕ್ಷಗಾನ ಬಯಲಾಟ ಆಡಿಸಬೇಕಾದರೆ ಮೇಳಕ್ಕೆ ವೀಳ್ಯ ಕೊಟ್ಟರೆ ಸಾಲದು, ಪೊಲೀಸ್ ಠಾಣೆಯಿಂದ ಮೈಕ್ ಪರ್ಮಿಷನ್ ಕೂಡ ಬೇಕು. ಸಿನಿಮಾ ತೋರಿಸಲು ಬೇರೆ ಕಚೇರಿ, ಕೇಬಲ್ ಎಳೆಯಲು ಇನ್ನೊಂದು, ಪತ್ರಿಕೆ ತೆಗೆಯಲು ಮತ್ತೊಂದು. ಇವರಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು. ಗಡಿಯ ಈಚೆ, ಕೇರಳದ ಕಾಸರಗೋಡಿನಲ್ಲಿ ಉಳಿದ ಕನ್ನಡದವರಿಗೆ ಕನ್ನಡ ತಲುಪಿಸುವ ಹೊಣೆ ಮಾತ್ರ ಯಾರ ತಲೆ ಮೇಲೂ ಇಲ್ಲ.

ಇದರ ಬೇರು 1876ರಲ್ಲಿದೆ. ಕಲ್ಕತ್ತೆಯ ರಂಗಮಂದಿರಗಳಲ್ಲಿ ಆಳುವವರನ್ನು ಗೇಲಿ ಮಾಡುವ ನಾಟಕಗಳು ಜಾಸ್ತಿಯಾದಾಗ ಬ್ರಿಟಿಷ್ ಸರಕಾರ ನಾಟಕ ಪ್ರದರ್ಶನ ಕಾಯ್ದೆ ತಂದಿತು. ಜನರನ್ನು ಸರಕಾರದ ಮೇಲೆ ಎತ್ತಿಕಟ್ಟುವಂಥದ್ದು, ಯಾರದೋ ಮಾನ ಕಳೆಯುವಂಥದ್ದು ಅನ್ನಿಸಿದರೆ ನಾಟಕ ನಿಲ್ಲಿಸಬಹುದಿತ್ತು. ನಾಟಕದ ಬಗ್ಗೆ ಮಾಹಿತಿ ಕೊಡಿ ಎಂದು ಮೊದಲೇ ಕೇಳಬಹುದಿತ್ತು.

ಯಕ್ಷಗಾನದವರನ್ನು ಕೇಳಿದರೆ ಏನು ಕೊಡುವುದು? ಪ್ರಸಂಗ ಪುಸ್ತಕದಲ್ಲಿ ಇರುವುದು ಭಾಗವತರು ಹಾಡುವ ಪದ್ಯ. ಅರ್ಥ, ಅಂದರೆ ಪಾತ್ರಧಾರಿಗಳ ಮಾತು, ಹುಟ್ಟುವುದು ರಂಗಸ್ಥಳದಲ್ಲೇ, ಎದುರು ಪಾತ್ರಧಾರಿ ಎಸೆದ ಮಾತಿನ ಮೇಲೆ. ಹಾಸ್ಯಗಾರ ಯಾರನ್ನಾದರೂ ಚುಚ್ಚಿದರೆ ಅದಕ್ಕೆ ಕಾಗದದಲ್ಲಿ ಗುರುತೇ ಇರುವುದಿಲ್ಲ. ಸಾಲದ್ದಕ್ಕೆ, ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಆಟಗಳನ್ನು ಕಾಯ್ದೆಯೇ ಹೊರಗಿಟ್ಟಿತ್ತು. ಹಾಗಾಗಿ ಕತ್ತಿ ತೂಗುತ್ತಿದ್ದದ್ದು ಮುಖ್ಯವಾಗಿ ಟಿಕೆಟ್ ಇಟ್ಟು ಆಡುವ ನಾಟಕ ಕಂಪನಿಗಳ ತಲೆ ಮೇಲೆ. ಈ ಕಾಯ್ದೆ ರದ್ದಾದದ್ದು ಯಾವಾಗ ಗೊತ್ತಾ? 2018ರಲ್ಲಿ!

ಬಯಲಾಟವನ್ನು ನಿಜಕ್ಕೂ ಬದಲಿಸಿದ್ದು ಪರಿಸರ ಕಾಯ್ದೆಯಡಿ 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಸಡಿಲಿಕೆ ಕೊಡಬಹುದು, ಅದೂ ನಡುರಾತ್ರಿ 12ರ ತನಕ ಮಾತ್ರ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಹಳೆಯ ಕ್ರಮದಲ್ಲಿ ಆಟ ರಂಗೇರುವುದೇ ಹತ್ತು ಗಂಟೆ ಮೇಲೆ, ಮಂಗಳ ಆಗುವುದು ಬೆಳಕು ಹರಿಯುವಾಗ. ಈಗ ಕಾಲಮಿತಿ ಆಟ. ಸಂಜೆಯೇ ಚೌಕಿ (ಬಣ್ಣದ ಕೋಣೆ) ಪೂಜೆ, ನಡುರಾತ್ರಿಗೆ ಮೊದಲೇ ಮಂಗಳ. ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಮೊಟಕಾಯಿತು, ಪದ್ಯಗಳು ಹಾರಿಹೋದವು. ಯಾವ ಸೆನ್ಸಾರ್ ಅಧಿಕಾರಿಯೂ ಇಷ್ಟು ಕತ್ತರಿ ಆಡಿಸಿರಲಿಕ್ಕಿಲ್ಲ. ನಿದ್ದೆ ಬಿಡಲು ಜನಕ್ಕೂ ಮೊದಲಿನ ಉತ್ಸಾಹ ಇಲ್ಲ ಅನ್ನುವುದೂ ನಿಜವೇ.

ಸಿನಿಮಾದ ಕತೆ ಬೇರೆ. ಮೊದಲ ಕಾನೂನು 1918ರದ್ದು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಆಗ ಮದರಾಸಿನ ಸೆನ್ಸಾರ್ ಮಂಡಳಿಯ ಕೆಳಗೆ ಬರುತ್ತಿತ್ತು. ಸಂವಿಧಾನ ಬಂದ ಮೇಲೆ ಕೆಲಸ ಎರಡು ಪಾಲಾಯಿತು. ಸಿನಿಮಾಕ್ಕೆ ಸರ್ಟಿಫಿಕೇಟ್ ಕೇಂದ್ರದ್ದು, ಥಿಯೇಟರಿಗೆ ಲೈಸೆನ್ಸ್ ರಾಜ್ಯದ್ದು. 1952ರ ಕಾಯ್ದೆಯ ಪ್ರಕಾರ ಒಂದು ಸರ್ಟಿಫಿಕೇಟ್ ಇಡೀ ದೇಶಕ್ಕೆ ನಡೆಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಇದು ಬದಲಾಗಲಿಲ್ಲ. ಬೆಂಗಳೂರಿನ ಕಚೇರಿ ಪಾಸು ಮಾಡಿದ ಕನ್ನಡ ಸಿನಿಮಾ ಇಲ್ಲಿಗೆ ಬರಲು ತಿರುವನಂತಪುರದ ಮುದ್ರೆ ಬೇಕಿಲ್ಲ. ಥಿಯೇಟರ್ ಮಾತ್ರ ಕೇರಳದ 1958ರ ಕಾಯ್ದೆಯಡಿ ನಡೆಯುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಸಿನಿಮಾ ಬರುತ್ತದಾ ಇಲ್ಲವಾ ಅನ್ನುವುದು ವಿತರಕರ ಲೆಕ್ಕಾಚಾರ. ಅಲ್ಲಿ ಯಾವ ಮಂಡಳಿಯೂ ಬಾಯಿ ಹಾಕುವುದಿಲ್ಲ.

ರೇಡಿಯೋಗೆ ಈ ತಾಪತ್ರಯ ಇರಲಿಲ್ಲ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಗಡಿಯ ತಲಪಾಡಿ ಗೇಟಿನಲ್ಲಿ ನಿಲ್ಲದೆ ಒಳಗೆ ಬಂತು.

ಕೇಬಲ್ ಹಾಗಲ್ಲ. 1995ರ ಕಾಯ್ದೆಯಂತೆ ಕೇಬಲ್‌ನವರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿತ್ತು. ಕಾರ್ಯಕ್ರಮ ಸಂಹಿತೆ ಮೀರಿದರೆ ಕ್ರಮ ತೆಗೆದುಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಯಂಥವರಿಗೆ. ಇದರಲ್ಲೂ ತಡೆಯುವ ವ್ಯವಸ್ಥೆ ಗಟ್ಟಿಯಾಗಿದೆ, ಕೊಡುವ ವ್ಯವಸ್ಥೆ ದೂರದರ್ಶನದ ಕಡ್ಡಾಯ ಚಾನೆಲ್‌ಗಳಿಗೇ ಮುಗಿಯುತ್ತದೆ. ಉಳಿದ ಕನ್ನಡ ಚಾನೆಲ್ ಬೇಕಾದರೆ ಆಪರೇಟರ್ ಮನಸ್ಸು ಮಾಡಬೇಕಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ತಂದ ಹೊಸ ದರ ಪದ್ಧತಿ 2019ರಲ್ಲಿ ಜಾರಿಗೆ ಬಂತು. ಆಗ 100 ಚಾನೆಲ್‌ಗೆ ಹೆಚ್ಚೆಂದರೆ 130 ರೂಪಾಯಿ ಇತ್ತು, ಮೇಲೆ ತೆರಿಗೆ, ಪೇ ಚಾನೆಲ್‌ಗೆ ಬೇರೆ ದುಡ್ಡು. ಆಯ್ಕೆಯೇನೋ ನೋಡುವವರ ಕೈಗೆ ಬಂತು. ಆದರೆ ಚಾನೆಲ್ ಕಂಪನಿಗಳು ಪ್ಯಾಕ್ ಕಟ್ಟಿದ್ದು ಭಾಷೆ ಭಾಷೆಗೆ ಬೇರೆ ಬೇರೆಯಾಗಿ. ಅಜ್ಜಿಗೆ ಕನ್ನಡ ಧಾರಾವಾಹಿ, ಮೊಮ್ಮಗನಿಗೆ ಮಲಯಾಳ ಸಿನಿಮಾ ಬೇಕೆನ್ನುವ ಮನೆಗೆ ಎರಡು ಪ್ಯಾಕಿನ ಖರ್ಚು. ಇಂಥ ಮನೆಗಳು ಇಲ್ಲಿ ಎಷ್ಟಿಲ್ಲ ಹೇಳಿ?

ಈಗ ಆಟವೂ ಮೊಬೈಲಿಗೆ ಬಂದಿದೆ. ಒಟಿಟಿ ಮತ್ತು ಡಿಜಿಟಲ್ ಸುದ್ದಿಗೆ 2021ರ ಐಟಿ ನಿಯಮದಲ್ಲಿ ಮೂರು ಹಂತದ ದೂರು ವ್ಯವಸ್ಥೆ ಇದೆ: ಮೊದಲು ಸಂಸ್ಥೆ, ಆಮೇಲೆ ಸಂಸ್ಥೆಗಳ ಒಕ್ಕೂಟ, ಕೊನೆಗೆ ಕೇಂದ್ರ ಸರಕಾರ. ಯೂಟ್ಯೂಬ್‌ನಂಥ ಕಡೆ ಹಾಕಿದ ವಿಡಿಯೋ ಬಗ್ಗೆ ತಕರಾರಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ 2023ರಲ್ಲಿ ನೇಮಿಸಿದ ಮೇಲ್ಮನವಿ ಸಮಿತಿಗಳಿವೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ತಿರುವನಂತಪುರಕ್ಕೆ ರೈಲು ಹತ್ತಬೇಕಾಗಿಲ್ಲ.