ಸ್ಕ್ರೀನ್ ಸೇವರ್ ಯಾವಾಗ ಎದ್ದು ಹೋಗಬೇಕು? ಪೂರ್ಣಪರದೆಯ ವಿಂಡೋ ಮತ್ತು ಇನ್‌ಪುಟ್ ಕುರಿತ ಟಿಪ್ಪಣಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಭಾನುವಾರ ಕೂಡಿ ಪ್ರೋಗ್ರಾಮಿಂಗ್ ಕಲಿಯುವ ನಮ್ಮ ಕನ್ನಡ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಅಭ್ಯಾಸಕ್ಕೆ ಎತ್ತಿಕೊಂಡಿರುವುದು ವಿಂಡೋಸ್‌ನ ಒಂದು ಸ್ಕ್ರೀನ್ ಸೇವರ್, ಅಂದರೆ ಕಂಪ್ಯೂಟರನ್ನು ಯಾರೂ ಮುಟ್ಟದಿದ್ದಾಗ ಪರದೆ ತುಂಬ ಓಡುವ ಪ್ರೋಗ್ರಾಂ. ಕಪ್ಪು ಪರದೆಯ ಮೇಲೆ ದಾದರ್, ಕುರ್ಲಾ, ಠಾಣೆ, ಡೊಂಬಿವಲಿ, ಕಲ್ಯಾಣ್ ಎಂದು ಸೆಂಟ್ರಲ್ ಲೈನಿನ ನಿಲ್ದಾಣಗಳ ಹೆಸರು ಕನ್ನಡ ಲಿಪಿಯಲ್ಲಿ ಸರಿಯುತ್ತ ಹೋಗಬೇಕು. ಭಾಷೆ ಸಿ; ವಿಂಡೋಸ್ ಒದಗಿಸುವ ಫಂಕ್ಷನ್‌ಗಳ ಗುಂಪಾದ ವಿನ್‌32 ಎಪಿಐಯನ್ನು ನೇರವಾಗಿ ಬಳಸುತ್ತೇವೆ. ಹೆಸರು ಸರಿಸುವುದು ಸುಲಭ. ಮನುಷ್ಯ ಮರಳಿ ಬಂದನೆಂದು ಪ್ರೋಗ್ರಾಂ ಹೇಗೆ ತಿಳಿಯಬೇಕು ಎಂಬಲ್ಲಿದೆ ನಿಜವಾದ ಪಾಠ.

ಸ್ಕ್ರೀನ್ ಸೇವರಿನ ಡಾಟ್ ಎಸ್‌ಸಿಆರ್ ಎನ್ನುವುದು ಹೆಸರು ಬದಲಿಸಿದ ಇಎಕ್ಸ್‌ಇ ಫೈಲು ಅಷ್ಟೆ. ವಿಂಡೋಸ್ ಅದನ್ನು ಓಡಿಸುವಾಗ ಕಮಾಂಡ್ ಲೈನಿನಲ್ಲಿ ಒಂದು ಅಕ್ಷರ ಕೊಡುತ್ತದೆ. /ಎಸ್ ಬಂದರೆ ಪೂರ್ಣಪರದೆ. /ಸಿ ಬಂದರೆ, ಅಥವಾ ಏನೂ ಬರದಿದ್ದರೆ, ಸೆಟ್ಟಿಂಗ್ಸ್ ಡೈಲಾಗ್. /ಪಿ ಬಂದರೆ ಅದರ ಜೊತೆಗಿರುವ ಸಂಖ್ಯೆಯನ್ನು ವಿಂಡೋ ಹ್ಯಾಂಡಲ್ (ವಿಂಡೋವನ್ನು ಗುರುತಿಸುವ ಸಂಖ್ಯೆ) ಎಂದು ಓದಿ, ಆ ಪುಟ್ಟ ಮುನ್ನೋಟದ ಚೌಕದೊಳಗೆ ಚೈಲ್ಡ್ ವಿಂಡೋ ತೆರೆದು ಚಿತ್ರ ಬಿಡಿಸಬೇಕು. /ಸಿ ನಂತರ ಕೋಲನ್ ಹಾಕಿ ಹ್ಯಾಂಡಲ್ ಅಂಟಿಕೊಂಡು ಬರುವುದೂ ಉಂಟು. ಆದ್ದರಿಂದ ಇಡೀ ಪದವನ್ನು ಹೋಲಿಸಬೇಡಿ. ಅಕ್ಷರವೊಂದನ್ನೇ ನೋಡಿ, ಅದೂ ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲದೆ. ಮುನ್ನೋಟದಲ್ಲಿ ಮೌಸ್ ಅಲುಗಿದರೆ ಮುಚ್ಚಿಕೊಳ್ಳುವಂತಿಲ್ಲ. ತಾಯಿ ವಿಂಡೋ ಹೋದಾಗ ಮಾತ್ರ ಹೊರಡಬೇಕು.

ಪೂರ್ಣಪರದೆಗೆ ಡಬ್ಲ್ಯುಎಸ್ ಪಾಪಪ್ ಶೈಲಿಯ ವಿಂಡೋ ಸಾಕು; ಅಂಚಿಲ್ಲ, ಟೈಟಲ್ ಬಾರ್ ಇಲ್ಲ. ಎಲ್ಲಕ್ಕಿಂತ ಮೇಲೆ ನಿಲ್ಲಲು ಟಾಪ್‌ಮೋಸ್ಟ್ ಗುರುತು ಸೇರಿಸಿ. ಅಳತೆ ಕೇಳುವಾಗ ಎಚ್ಚರ ಬೇಕು. ಗೆಟ್‌ಸಿಸ್ಟಮ್‌ಮೆಟ್ರಿಕ್ಸ್‌ಗೆ ಎಸ್‌ಎಂ ಸಿಎಕ್ಸ್‌ಸ್ಕ್ರೀನ್ ಕೊಟ್ಟರೆ ಮುಖ್ಯ ಮಾನಿಟರಿನ ಅಗಲ ಮಾತ್ರ ಸಿಗುತ್ತದೆ, ಪಕ್ಕದ ಮಾನಿಟರ್ ಬೆತ್ತಲೆಯಾಗಿ ಉಳಿಯುತ್ತದೆ. 76ರಿಂದ 79ರವರೆಗಿನ ನಾಲ್ಕು ಸೂಚ್ಯಂಕಗಳು ಎಲ್ಲ ಮಾನಿಟರ್‌ಗಳನ್ನೂ ಒಳಗೊಂಡ ವರ್ಚುವಲ್ ಪರದೆಯ ಮೂಲೆಯನ್ನೂ ಅಳತೆಯನ್ನೂ ಕೊಡುತ್ತವೆ. ಎರಡನೇ ಮಾನಿಟರ್ ಎಡಕ್ಕಿದ್ದರೆ ಆ ಮೂಲೆಯ ಎಕ್ಸ್ ಬೆಲೆ ಋಣಸಂಖ್ಯೆ; ವಿಂಡೋವನ್ನು ಸೊನ್ನೆಯಿಂದ ಶುರುಮಾಡಿದರೆ ಕೆಲಸ ಕೆಟ್ಟಿತು. ಡಿಪಿಐ ಅರಿವನ್ನು (ಪರದೆಯ ಸ್ಕೇಲಿಂಗನ್ನು ಪ್ರೋಗ್ರಾಂ ತಾನೇ ನೋಡಿಕೊಳ್ಳುತ್ತದೆ ಎಂಬುದನ್ನು) ಪ್ರೋಗ್ರಾಂ ಜೊತೆಗಿರುವ ಮ್ಯಾನಿಫೆಸ್ಟ್‌ನಲ್ಲಿ ಘೋಷಿಸದಿದ್ದರೆ ಸ್ಕೇಲಿಂಗ್ ಇರುವ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳು ಮಸುಕಾಗುತ್ತವೆ.

ಈಗ ಮೌಸ್. ಮೌಸ್ ಸರಿಯಿತೆಂದು ವಿಂಡೋಸ್ ಕಳಿಸುವ ಡಬ್ಲ್ಯುಎಂ ಮೌಸ್‌ಮೂವ್ ಸಂದೇಶ ಬಂದೊಡನೆ ವಿಂಡೋ ಮುಚ್ಚು ಎಂದು ಬರೆದರೆ ಸೇವರ್ ಮಿಂಚಿ ಮಾಯವಾಗುತ್ತದೆ, ಮೌಸನ್ನು ಯಾರೂ ಮುಟ್ಟದೆಯೇ. ಕಾರಣ ಇಷ್ಟು: ಕರ್ಸರಿನ ಕೆಳಗಿರುವ ವಿಂಡೋ ಬದಲಾದರೆ, ಹೊಸ ವಿಂಡೋ ತನಗೆ ಬೇಕಾದ ಕರ್ಸರ್ ಆಕಾರ ಇಟ್ಟುಕೊಳ್ಳಲಿ ಎಂದು ವಿಂಡೋಸ್ ತಾನೇ ಒಂದು ಮೌಸ್‌ಮೂವ್ ಕಳಿಸುತ್ತದೆ. ಸಂದೇಶ ಬಂತು ಎಂದಾಕ್ಷಣ ಮನುಷ್ಯ ಬಂದ ಎಂದರ್ಥವಲ್ಲ. ಆಗಂತುಕ ಬಾಗಿಲು ತಟ್ಟಿದನೋ ಗಾಳಿಗೆ ಚಿಲಕ ಅಲುಗಿತೋ ಎಂದು ನೋಡುವ ಹಾಗೆ, ಕರ್ಸರ್ ನಿಜವಾಗಿ ಎಷ್ಟು ಸರಿಯಿತು ಎಂದು ನಾವೇ ಅಳೆಯಬೇಕು.

ಅಳೆಯುವುದಕ್ಕೆ ಸಂದೇಶದ ಜೊತೆ ಬರುವ ಸ್ಥಾನಕ್ಕಿಂತ ಇಡೀ ಪರದೆಯ ಲೆಕ್ಕದಲ್ಲಿ ಕರ್ಸರಿನ ಸ್ಥಾನ ಕೊಡುವ ಗೆಟ್‌ಕರ್ಸರ್‌ಪೋಸ್ ಮೇಲು ಎಂಬುದು ನನ್ನ ಅಭಿಪ್ರಾಯ. ಸಂದೇಶದ ಸ್ಥಾನ ಆಯಾ ವಿಂಡೋದ ಮೂಲೆಯಿಂದ ಲೆಕ್ಕವಾಗುತ್ತದೆ. ಮಾನಿಟರಿಗೊಂದು ವಿಂಡೋ ತೆರೆದಿದ್ದರೆ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಸಂದೇಶದ ಹೊತ್ತಿನ ಕರ್ಸರ್ ಸ್ಥಾನವನ್ನು ಪರದೆಯ ಲೆಕ್ಕದಲ್ಲಿ ಕೊಡುವ ಗೆಟ್‌ಮೆಸೇಜ್‌ಪೋಸ್ ಬಳಸುವವರು ಅದರ ಉತ್ತರದಿಂದ ಕೆಳಗಿನ 16 ಬಿಟ್‌ಗಳನ್ನು ಚಿಹ್ನೆಯಿಲ್ಲದೆ ಓದಬೇಡಿ: ಎಡ ಮಾನಿಟರಿನ -5 ಎಂಬುದು 65531 ಆಗಿಬಿಡುತ್ತದೆ.

ಎಷ್ಟು ಸರಿದರೆ ಹೊರಡಬೇಕು? ಮೌಸ್ ಎಳೆತವೆಂದು ವಿಂಡೋಸ್ ಎಣಿಸಲು ಬೇಕಾದ ದೂರ, ಎಸ್‌ಎಂ ಸಿಎಕ್ಸ್‌ಡ್ರ್ಯಾಗ್, ಸಾಮಾನ್ಯವಾಗಿ 4 ಪಿಕ್ಸೆಲ್. ಅದರ ಎರಡು ಮೂರು ಪಟ್ಟು ಇಟ್ಟುಕೊಳ್ಳಿ. ಹಳಿಯ ಪಕ್ಕದ ಕಟ್ಟಡಗಳಲ್ಲಿ ಫಾಸ್ಟ್ ಲೋಕಲ್ ಹಾಯ್ದಾಗ ಮೇಜು ನಡುಗುತ್ತದಲ್ಲ, ಅಂಥ ಕಡೆ ಇದು ತೋರಿಕೆಯ ಮಾತಲ್ಲ. ಯಾವುದರೊಂದಿಗೆ ಹೋಲಿಸಬೇಕು ಎಂಬುದು ಇನ್ನೂ ಸೂಕ್ಷ್ಮ. ಪ್ರತಿ ಸಂದೇಶಕ್ಕೂ ಹಳೆಯ ಸ್ಥಾನವನ್ನು ಹೊಸದಾಗಿಸುತ್ತ ಹೋದರೆ ಮೆಲ್ಲಗೆ ಮೌಸ್ ಎಳೆದವನನ್ನು ಸೇವರ್ ಗುರುತಿಸುವುದೇ ಇಲ್ಲ, ಏಕೆಂದರೆ ಪ್ರತಿ ಹೆಜ್ಜೆಯೂ ಮಿತಿಗಿಂತ ಚಿಕ್ಕದು. ಮೊದಲ ಸ್ಥಾನವನ್ನೇ ಕೊನೆಯವರೆಗೂ ಹಿಡಿದರೆ ತಾಸುಗಟ್ಟಲೆಯ ನಡುಕ ಒಟ್ಟುಗೂಡಿ ಒಮ್ಮೆ ಮಿತಿ ದಾಟುತ್ತದೆ. ಮೊದಲ ಸ್ಥಾನವನ್ನು ಹಿಡಿದಿಟ್ಟು, ಒಂದೆರಡು ಸೆಕೆಂಡು ಚಲನೆ ಇಲ್ಲವಾದರೆ ಮಾತ್ರ ಈಗಿನ ಸ್ಥಾನವನ್ನು ಹೊಸ ಮೂಲವಾಗಿಸುವುದು ಎರಡನ್ನೂ ತಪ್ಪಿಸುತ್ತದೆ.

ಕೀಲಿ, ಗುಂಡಿ, ಚಕ್ರಗಳಿಗೆ ಈ ಸಂಶಯ ಬೇಡ, ಬಂದೊಡನೆ ಮುಚ್ಚಿ. ಆಲ್ಟ್ ಕೀಲಿ ಸಿಸ್‌ಕೀಡೌನ್ ಆಗಿ ಬರುತ್ತದೆ, ಅದನ್ನೂ ಹಿಡಿಯಿರಿ. ಬೇರೆ ಪ್ರೋಗ್ರಾಂ ಮುಂದೆ ಬಂದಾಗಲೂ ಹೊರಡಬೇಕು; ಅದಕ್ಕೆ ಡಬ್ಲ್ಯುಎಂ ಆಕ್ಟಿವೇಟ್‌ಆಪ್ ನೋಡಿ. ಬರೀ ಆಕ್ಟಿವೇಟ್ ನೋಡಿದರೆ ನಮ್ಮದೇ ಎರಡು ವಿಂಡೋಗಳ ನಡುವಿನ ಫೋಕಸ್ ಬದಲಾವಣೆಗೂ ಸೇವರ್ ಮುಚ್ಚುತ್ತದೆ. ಕರ್ಸರ್ ಅಡಗಿಸಲು ಇರುವ ಶೋಕರ್ಸರ್ ಒಳಗೊಳಗೇ ಎಣಿಕೆ ಇಡುತ್ತದೆ, ಎಣಿಕೆ ತಪ್ಪುವುದು ಬಹಳ ಸುಲಭ. ಡಬ್ಲ್ಯುಎಂ ಸೆಟ್‌ಕರ್ಸರ್ ಬಂದಾಗ ಶೂನ್ಯ ಕರ್ಸರ್ ಇಟ್ಟು ಟ್ರೂ ಹಿಂತಿರುಗಿಸುವುದು ಚೊಕ್ಕ.

ಇನ್ನೊಂದು ಸಂದೇಶ ಡಬ್ಲ್ಯುಎಂ ಸಿಸ್‌ಕಮಾಂಡ್. ಸೇವರ್ ಶುರುಮಾಡುವ ಹೊತ್ತಾದಾಗ ಮುಂದಿರುವ ವಿಂಡೋಗೆ ಎಸ್‌ಸಿ ಸ್ಕ್ರೀನ್‌ಸೇವ್ ಎಂಬ ಆಜ್ಞೆ ಇದರಲ್ಲೇ ಬರುತ್ತದೆ. ನಮ್ಮ ಸೇವರಿಗೇ ಅದು ಬಂದರೆ ಸಂದೇಶಗಳನ್ನು ಮಾಮೂಲಿಯಾಗಿ ನಿರ್ವಹಿಸುವ ಡಿಫ್‌ವಿಂಡೋಪ್ರೊಕ್‌ಗೆ ದಾಟಿಸದೆ ಸೊನ್ನೆ ಹಿಂತಿರುಗಿಸಿ. ಹೋಲಿಸುವ ಮುನ್ನ ಕೊನೆಯ ನಾಲ್ಕು ಬಿಟ್ ಅಳಿಸಿ. ಅವು ವಿಂಡೋಸ್‌ನ ಒಳಬಳಕೆಗೆ ಮೀಸಲು.

ಪಾಸ್‌ವರ್ಡ್ ಕೇಳುವುದು ನಮ್ಮ ಕೆಲಸವಲ್ಲ. ವಿಂಡೋಸ್ 95ರ ಕಾಲದಲ್ಲಿ ಸೇವರೇ ಕೇಳಬೇಕಿತ್ತು. ಎನ್‌ಟಿ ವಂಶದಲ್ಲಿ (ಇಂದಿನ ವಿಂಡೋಸ್ ಕೂಡ ಅದೇ ವಂಶ) ಲಾಗಿನ್ನಿನ ಹೊಣೆ ಹೊತ್ತ ವಿನ್‌ಲಾಗಾನ್ ನೋಡಿಕೊಳ್ಳುತ್ತದೆ. ಲಿನಕ್ಸ್ ಕಡೆ ಜೇಮೀ ಝವಿನ್‌ಸ್ಕಿ 1992ರಲ್ಲಿ ಹೊರತಂದ ಎಕ್ಸ್‌ಸ್ಕ್ರೀನ್‌ಸೇವರ್ ಈ ವಿಂಗಡಣೆಯನ್ನು ಇನ್ನೂ ಮುಂದಕ್ಕೊಯ್ದಿದೆ: ಚಿತ್ರ ಬಿಡಿಸುವ ಪ್ರತಿ ಪ್ರೋಗ್ರಾಂ ಬೇರೆ ಪ್ರಕ್ರಿಯೆ, ಕೊಟ್ಟ ವಿಂಡೋದಲ್ಲಿ ಬಿಡಿಸುತ್ತದೆ, ಇನ್‌ಪುಟ್ ಅದರ ತಲೆನೋವಲ್ಲ. ಅದು ಕುಸಿದರೂ ಪರದೆಯ ಬೀಗ ತೆರೆಯುವುದಿಲ್ಲ. ನನಗೆ ಬಹಳ ಹಿಡಿಸಿದ ವಿನ್ಯಾಸ.

ಕನ್ನಡ ಹೆಸರು ಬಿಡಿಸುವಾಗ ಒಂದೊಂದೇ ಯುನಿಕೋಡ್ ಅಕ್ಷರ ಎತ್ತಿ ಬರೆಯಬೇಡಿ. ಕಲ್ಯಾಣ್‌ನ ಯ ಒತ್ತು ಕಳಚಿಬೀಳುತ್ತದೆ. ಇಡೀ ಹೆಸರನ್ನು ಒಂದೇ ಸಲ ಟೆಕ್ಸ್ಟ್‌ಔಟ್‌ಗೆ ಕೊಟ್ಟರೆ ಒತ್ತು, ಗುಣಿತ ಎಲ್ಲ ತಾವಾಗಿ ಕೂಡುತ್ತವೆ. ಫಾಂಟ್ ನಿರ್ಮಲಾ ಯುಐ ಇರಲಿ, ವಿಂಡೋಸ್ 8ರಿಂದ ಜೊತೆಗೇ ಬರುತ್ತದೆ.